ಲ್ಯಾಬಿಗೂ ಒಂದು ಹಿತ್ತಲ ಬಾಗಿಲು ಬೇಕು

ಹಳೇ ಬಾಗಲಕೋಟೆಯ ನಮ್ಮ ಮನೆಗೆ ಎರಡು ಬಾಗಿಲಿದ್ದವು. ಮುಂಬಾಗಿಲು ಬಂದವರಿಗೆ, ಹಿತ್ತಲ ಬಾಗಿಲು ನಮಗೆ. ನೀರು ತರುವುದು, ಮುಸುರಿ ತಿಕ್ಕುವುದು, ಸಂಜೆ ಕೂತು ಜೋಳ ಹಸನು ಮಾಡುವುದು, ಎಲ್ಲದಕ್ಕೂ ಹಿತ್ತಲ ಬಾಗಿಲೇ. ಆ ಮನೆ ಈಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಹೋಯಿತು, ನಾವು ನವನಗರಕ್ಕೆ ಬಂದೆವು. ಆದರೆ ಮೂರು ತಿಂಗಳಿಂದ ಆ ಬಾಗಿಲು ದಿನಾ ನೆನಪಾಗುತ್ತಿದೆ. ನಮ್ಮ ಕಾಲೇಜಿನಲ್ಲಿ ಹೊಸ ಕೆಮಿಸ್ಟ್ರಿ ಲ್ಯಾಬ್ ಕಟ್ಟುತ್ತಿದ್ದಾರೆ, ಮೊದಲು ತಂದ ಪ್ಲ್ಯಾನಿನಲ್ಲಿ ಅದಕ್ಕೆ ಒಂದೇ ಬಾಗಿಲಿತ್ತು.

40 ಅಡಿ ಉದ್ದ, 24 ಅಡಿ ಅಗಲ. ಒಂದು ಬ್ಯಾಚಿಗೆ 30 ಮಕ್ಕಳು. ಕಿಟಕಿಗಳಿಗೆಲ್ಲ ಗ್ರಿಲ್. ಬಾಗಿಲ ಪಕ್ಕದಲ್ಲೇ ಫ್ಯೂಮ್ ಹುಡ್, ಅಂದರೆ ರಾಸಾಯನಿಕಗಳ ಹೊಗೆಯನ್ನು ಎಳೆದು ಹೊರಗೆ ಬಿಡುವ ಗೂಡು, ಯಾಕಂದರೆ ಅಲ್ಲಿಂದ ಹೊಗೆಯ ಪೈಪು ಹೊರಗೆ ಒಯ್ಯುವುದು ಸುಲಭವಂತೆ. ನಾನು ಎರಡನೇ ಬಾಗಿಲು ಎಲ್ಲಿ ಅಂತ ಕೇಳಿದೆ. ಗುತ್ತಿಗೆದಾರರು ನಗುನಗುತ್ತಲೇ ಹೇಳಿದರು, "ಎರಡನೇದು ಯಾಕ್ರಿ ಮೇಡಂ, ಕಳ್ಳರಿಗೆ ನಾವ ದಾರಿ ಮಾಡಿ ಕೊಟ್ಟಂಗ ಆಗ್ತೈತಿ."

ಅವರು ಹೇಳಿದ್ದು ಸುಳ್ಳಲ್ಲ. ಕಾಲೇಜುಗಳಲ್ಲಿ ಕಳುವಾಗುತ್ತದೆ. ತಾಮ್ರದ ವೈರು, ನಲ್ಲಿ, ಬ್ಯಾಟರಿ, ಏನೂ ಬಿಡುವುದಿಲ್ಲ. ಆದರೆ ನಾನು ಹನ್ನೊಂದು ವರ್ಷದ ಹಿಂದೆ, ಬೇರೆ ಒಂದು ಕಾಲೇಜಿನಲ್ಲಿ, ಒಂದೇ ಬಾಗಿಲು ಬಳಕೆಯಲ್ಲಿದ್ದ ಲ್ಯಾಬಿನೊಳಗೆ ನಿಂತು ಬೆಂಕಿ ನೋಡಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಎರಡನೇ ವರ್ಷದ ಬಿ.ಎಸ್ಸಿ ಪ್ರಾಕ್ಟಿಕಲ್. ಒಬ್ಬ ಹುಡುಗಿ ಸೆಪರೇಟಿಂಗ್ ಫನಲ್‌ನಿಂದ ಈಥರ್ (ಬಹಳ ಬೇಗ ಆವಿಯಾಗಿ ಹೊತ್ತಿಕೊಳ್ಳುವ ದ್ರವ) ಪದರ ಬೇರೆ ಮಾಡಿ ಬೀಕರಿನಲ್ಲಿ ಹಿಡಿದಿದ್ದಳು. ಅವಳ ಬರ್ನರ್ ಆರಿತ್ತು, ನಾನೇ ನೋಡಿದ್ದೆ. ಆದರೆ ಅದೇ ಟೇಬಲ್ಲಿನ ಇನ್ನೊಂದು ತುದಿಯಲ್ಲಿ, ಐದಾರು ಅಡಿ ದೂರ, ಇನ್ನೊಬ್ಬ ಹುಡುಗನ ಬರ್ನರ್ ಉರಿಯುತ್ತಿತ್ತು. ಈಥರ್ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಅದು ಮೇಲೆ ಹೋಗುವುದಿಲ್ಲ, ಚೆಲ್ಲಿದ ನೀರಿನ ಹಾಗೆ ಟೇಬಲ್ ಮೇಲೆ ಹರಿದು ಹೋಗುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಹರಿದು ಆ ಬರ್ನರಿಗೆ ಮುಟ್ಟಿತು. ಒಂದು ನೀಲಿ ಗೆರೆ ಟೇಬಲ್ಲಿನ ಉದ್ದಕ್ಕೂ ಹಿಂದಕ್ಕೆ ಓಡಿ ಬಂದು ಅವಳ ಬೀಕರಿಗೆ ಹೊತ್ತಿಕೊಂಡಿತು. ಭಪ್ ಅಂತ ಒಂದೇ ಸದ್ದು.

ಬೀಕರ್ ಕೈಬಿಟ್ಟಳು. ನಾನು ಮರಳಿನ ಬಕೆಟ್ಟು ಸುರಿದೆ. ನೆಲದ ಬೆಂಕಿ ಒಂದು ನಿಮಿಷದೊಳಗೆ ಆರಿತು. ಆ ಒಂದು ನಿಮಿಷದಲ್ಲಿ ಬಾಗಿಲ ಬಳಿ ಆದದ್ದೇ ಬೇರೆ. ಬಾಗಿಲು ಒಳಗೆ ತೆರೆಯುವಂಥದ್ದು. ಅದರ ಹಿಂದೆ 28 ಮಕ್ಕಳ ಬ್ಯಾಗು ಗುಡ್ಡೆ ಬಿದ್ದಿತ್ತು. ಮುಂದೆ ಓಡಿದವರು ಎಳೆಯಬೇಕು, ಹಿಂದಿನವರು ದಬ್ಬುತ್ತಿದ್ದಾರೆ. ಎಷ್ಟು ದಬ್ಬಿದರೆ ಬಾಗಿಲು ಅಷ್ಟು ಗಟ್ಟಿಯಾಗಿ ಮುಚ್ಚುತ್ತದೆ. ಆ ಲ್ಯಾಬಿಗೆ ಎರಡನೇ ಬಾಗಿಲು ಇತ್ತು, ಹೌದು. ಅದರ ಮುಂದೆ ಹಳೇ ರೆಕಾರ್ಡ್ ಬುಕ್ಕು ತುಂಬಿದ ತಿಜೋರಿ ನಿಂತಿತ್ತು, ಹೊರಗಿನಿಂದ ಕೀಲಿ ಬೇರೆ. ಅಟೆಂಡರ್ ಕಾಕಾ ನೆಲಕ್ಕೆ ಕೂತು, ಮಕ್ಕಳ ಕಾಲ ಸಂದಿಯಿಂದ ಬ್ಯಾಗುಗಳನ್ನು ಒಂದೊಂದಾಗಿ ಎಳೆದು ಎಸೆದು, ಬಾಗಿಲನ್ನು ಒಂದು ಗೇಣು ತೆರೆದರು.

ಬೆಂಕಿ ಸುಟ್ಟದ್ದು ಒಂದು ಕೈಯನ್ನು. ಬಾಗಿಲು ಗಾಯ ಮಾಡಿದ್ದು ಐದು ಮಕ್ಕಳಿಗೆ.

ನಮ್ಮ ಕಡೆ ಈ ಮಾತು ಇನ್ನೂ ಜೋರಾಗಿ ಹೇಳಬೇಕು. ಈಥರ್ ಕುದಿಯುವುದು 34.6 ಡಿಗ್ರಿ ಸೆಲ್ಸಿಯಸ್‌ಗೆ. ಬಾಗಲಕೋಟೆ, ವಿಜಯಪುರದಲ್ಲಿ ಏಪ್ರಿಲ್ ಮಧ್ಯಾಹ್ನ 40 ಆಗುತ್ತದೆ. ಅಂದರೆ ಕರೆಂಟ್ ಹೋದ ಲ್ಯಾಬಿನಲ್ಲಿ ಬಾಟಲಿ ಮುಚ್ಚಳ ಸಡಿಲ ಮಾಡಿದರೆ ಸಾಕು, ಒಲೆ ಬೇಡ, ಅದು ತಾನೇ ಕುದಿಯಲು ಶುರು ಮಾಡುತ್ತದೆ. ಬಿಸಿಲಿಗೆ ಹೆದರಿ ಅದನ್ನು ಮನೆಯಲ್ಲಿರುವಂಥ ಸಾದಾ ಫ್ರಿಜ್ಜಿನಲ್ಲಿ ಇಡುವವರಿದ್ದಾರೆ. ದಯವಿಟ್ಟು ಬೇಡ. ಈಥರ್ ಆವಿ ಮೈನಸ್ 45 ಡಿಗ್ರಿಯಲ್ಲೂ ಹೊತ್ತಿಕೊಳ್ಳುತ್ತದೆ, ಫ್ರಿಜ್ಜಿನ ತಂಪು ಅದಕ್ಕೆ ಲೆಕ್ಕಕ್ಕಿಲ್ಲ. ಒಳಗಿನ ಲೈಟಿನ ಸ್ವಿಚ್ಚು, ಥರ್ಮೋಸ್ಟ್ಯಾಟ್ ಕೊಡುವ ಸಣ್ಣ ಕಿಡಿ ಸಾಕು. ಅಸಿಟೋನ್ ಕೂಡ ಹಾಗೇ, ಮೈನಸ್ 20ರ ಹತ್ತಿರ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿ ಲ್ಯಾಬಿನಲ್ಲಿ ಕೆಲಸಕ್ಕೆ ಹೋದ ನನ್ನ ಹಳೇ ವಿದ್ಯಾರ್ಥಿಗಳಿಗೆ ಇನ್ನೊಂದು ಗೊತ್ತು: ಸ್ಪಿರಿಟ್ಟಿನ ಉರಿ ಹಗಲು ಬೆಳಕಿನಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಶಾಖ ತಾಗಿದ ಮೇಲೆ ಗೊತ್ತಾಗುತ್ತದೆ.

ಹೀಗಿರುವಾಗ ಬೆಂಕಿಯೇ ಬರುವುದಿಲ್ಲ ಅಂತ ಲೆಕ್ಕ ಹಾಕಿ ಲ್ಯಾಬ್ ಕಟ್ಟಲು ಆಗುವುದಿಲ್ಲ. ಬಂದಾಗ ಮಕ್ಕಳು ಎಲ್ಲಿ ನಿಂತಿರುತ್ತಾರೆ, ಎತ್ತ ಹೋಗುತ್ತಾರೆ ಅಂತಲೇ ಮೊದಲ ಗೆರೆ ಎಳೆಯಬೇಕು. ಟೇಬಲ್ಲು, ಸಿಂಕು ಆಮೇಲೆ.

ದಿಲ್ಲಿಯ ಉಪಹಾರ್ ಚಿತ್ರಮಂದಿರದ ಕತೆ ಕೇಳಿದ್ದೀರಿ ಅಲ್ವಾ. 1997ರ ಜೂನ್ 13. 59 ಜನ ಹೋದರು. ಬೆಂಕಿ ಹತ್ತಿದ್ದು ಕೆಳಗೆ ಟ್ರಾನ್ಸ್‌ಫಾರ್ಮರ್‌ನಲ್ಲಿ, ಜನ ಸತ್ತದ್ದು ಮೇಲೆ ಬಾಲ್ಕನಿಯಲ್ಲಿ, ಹೊಗೆಯಿಂದ. ಬಾಲ್ಕನಿಯಲ್ಲಿ ಸೀಟು ಜಾಸ್ತಿ ಮಾಡಲು ಬಲಗಡೆ ಓಡಾಡುವ ದಾರಿಯನ್ನೇ ಮುಚ್ಚಿದ್ದರು. ಕಟ್ಟಡ ಕಟ್ಟಿದಾಗ ದಾರಿ ಇತ್ತು, ಆಮೇಲೆ ಅದು ಸೀಟಾಯಿತು. ನಾನು ಇದನ್ನು ಓದಿದಾಗ ಮೊದಲು ಕಣ್ಣ ಮುಂದೆ ಬಂದದ್ದು ಆ ತಿಜೋರಿ.

ಲ್ಯಾಬುಗಳಲ್ಲೇ ಆದದ್ದು ಬೇಕಾದರೆ ನಮ್ಮ ರಾಜ್ಯದಲ್ಲೇ ಇದೆ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಸಿಲಿಂಡರ್ ಸ್ಫೋಟವಾಗಿ ಒಬ್ಬ ಸಂಶೋಧಕ ತೀರಿಕೊಂಡರು, ಮೂವರಿಗೆ ಗಾಯ. 2009ರ ಡಿಸೆಂಬರ್ 29ರಂದು ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ (ಬಿಎಆರ್‌ಸಿ) ಲ್ಯಾಬಿನಲ್ಲಿ ಬೆಂಕಿ, ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಹೋದರು. ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, ಅದೇ ತಾರೀಖು, ಅಮೆರಿಕದ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಸಹಾಯಕಿಯೊಬ್ಬಳ ಕೈಯಲ್ಲಿದ್ದ ಸಿರಿಂಜಿನಿಂದ ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುವ ದ್ರಾವಣ ಚೆಲ್ಲಿತು. ಮೈಮೇಲೆ ಲ್ಯಾಬ್ ಕೋಟ್ ಇರಲಿಲ್ಲ, ಇದ್ದದ್ದು ಸಿಂಥೆಟಿಕ್ ಸ್ವೆಟರ್. ಲ್ಯಾಬಿನಲ್ಲಿ ಸೇಫ್ಟಿ ಶವರ್, ಅಂದರೆ ಅಪಾಯದ ಹೊತ್ತಲ್ಲಿ ಮೈಮೇಲೆ ನೀರು ಸುರಿಯುವ ವ್ಯವಸ್ಥೆ, ಇತ್ತು, ಆದರೆ ಅವಳನ್ನು ಅದರ ಕೆಳಗೆ ನಿಲ್ಲಿಸಲಿಲ್ಲ. 18 ದಿನಕ್ಕೆ ತೀರಿಕೊಂಡಳು. ಇವಳ ವಿಷಯ ನಾನು ಪ್ರತಿ ವರ್ಷ ಮೊದಲ ಪ್ರಾಕ್ಟಿಕಲ್ ದಿನ ಹೇಳುತ್ತೇನೆ. ನಮ್ಮ ಹುಡುಗಿಯರ ದುಪಟ್ಟಾಗಳೂ ನೈಲಾನೇ, ಸುಡುವಾಗ ಕರಗಿ ಚರ್ಮಕ್ಕೆ ಅಂಟುತ್ತದೆ.

ಈಗ ಪ್ಲ್ಯಾನಿಗೆ ಬರುತ್ತೇನೆ.

ನಮ್ಮ ದೇಶದ ನ್ಯಾಷನಲ್ ಬಿಲ್ಡಿಂಗ್ ಕೋಡ್, 2016ರದ್ದು, ಅದರ 4ನೇ ಭಾಗ ಪೂರ್ತಿ ಬೆಂಕಿಯ ವಿಷಯವೇ. ಹೊರಹೋಗುವ ಬಾಗಿಲು ಕಡಿಮೆ ಅಂದರೂ 1 ಮೀಟರ್ ಅಗಲ, 2 ಮೀಟರ್ ಎತ್ತರ ಇರಬೇಕು, ಹೊರಕ್ಕೆ ತೆರೆಯಬೇಕು. ಶಾಲೆ ಕಾಲೇಜಿನಲ್ಲಿ ಒಂದೇ ಕಡೆ ದಾರಿ ಇರುವ ಕುರುಡು ಕಾರಿಡಾರ್ 6 ಮೀಟರ್ ದಾಟುವಂತಿಲ್ಲ. ನಮ್ಮ ಪ್ಲ್ಯಾನಿನಲ್ಲಿ ಬಾಗಿಲು ಮೂರು ಅಡಿ, ಒಳಕ್ಕೆ ತೆರೆಯುವುದು. ಇಂಜಿನಿಯರಿಗೆ ಹೇಳಿದ ತಕ್ಷಣ ಸರಿ ಮಾಡಿದರು, ಅವರದೇನೂ ತಕರಾರಿರಲಿಲ್ಲ. ಎರಡನೇ ಬಾಗಿಲಿನ ಜಾಗಕ್ಕೆ ಮಾತ್ರ ಮಾತು ಬೆಳೆಯಿತು. ಮೊದಲ ಬಾಗಿಲಿನಿಂದ ಎಂಟು ಅಡಿ ದೂರ, ಅದೇ ಗೋಡೆಗೆ, ಅದೇ ಕಾರಿಡಾರಿಗೆ ಇನ್ನೊಂದು ಬಾಗಿಲು ತೋರಿಸಿದರು. ಅದು ಎರಡಾಗುವುದಿಲ್ಲ. ಒಂದರ ಮುಂದೆ ಬೆಂಕಿ ಇದ್ದರೆ ಇನ್ನೊಂದರ ಮುಂದೂ ಇರುತ್ತದೆ. ಅಮೆರಿಕದ ಬೆಂಕಿ ಸುರಕ್ಷತೆಯ ಸಂಸ್ಥೆ ಎನ್‌ಎಫ್‌ಪಿಎಯ ನಿಯಮದಲ್ಲಿ ಇದಕ್ಕೆ ಒಂದು ಸುಲಭ ಲೆಕ್ಕವಿದೆ. ಕೋಣೆಯ ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ, ಅದರ ಅರ್ಧಕ್ಕಿಂತ ಕಡಿಮೆ ಅಂತರ ಎರಡು ಬಾಗಿಲ ನಡುವೆ ಇರಬಾರದು. ನಮ್ಮ ಕೋಣೆಗೆ ಮೂಲೆಯಿಂದ ಮೂಲೆ ಸುಮಾರು 47 ಅಡಿ ಆಗುತ್ತದೆ, ಹಾಗಾಗಿ ಇಪ್ಪತ್ತಮೂರೂವರೆ ಅಡಿ ಬೇಕು. ಕೊನೆಗೆ ಎದುರು ಮೂಲೆಯಲ್ಲಿ, ಹಿಂದಿನ ಬೇವಿನ ಗಿಡದ ಅಂಗಳಕ್ಕೆ ಇಳಿಯುವ ಹಾಗೆ ಬಾಗಿಲು ಬಂತು. ನೆಲಮಹಡಿ ಆದದ್ದರಿಂದ ಇದು ಸಾಧ್ಯವಾಯಿತು. ಕೆಮಿಸ್ಟ್ರಿ ಲ್ಯಾಬನ್ನು ಮೇಲಿನ ಮಹಡಿಗೆ ಹಾಕುವ ಮೊದಲು ಇದನ್ನೂ ಯೋಚಿಸಿ. ಮೆಟ್ಟಿಲಿದೆಯಲ್ಲ ಅನ್ನಬಹುದು, ಆದರೆ ಎಷ್ಟೋ ಕಡೆ ಆ ಮೆಟ್ಟಿಲಿನ ಕೆಳಗೇ ಯುಪಿಎಸ್ ಬ್ಯಾಟರಿ, ಮುರಿದ ಬೆಂಚು, ಹಳೇ ಪೇಪರ್ ತುಂಬಿರುತ್ತಾರೆ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ತಪ್ಪಿಸಿಕೊಳ್ಳಬೇಕಾದ ದಾರಿಯ ಬುಡಕ್ಕೇ ಬೆಂಕಿ ಇಟ್ಟ ಹಾಗಾಯಿತು.

ಕಳ್ಳರ ಮಾತಿಗೆ ಉತ್ತರ ಸಿಕ್ಕಿತು. ಪ್ಯಾನಿಕ್ ಬಾರ್ ಅಂತ ಬರುತ್ತದೆ. ಬಾಗಿಲಿನ ಒಳಮೈಗೆ ಅಡ್ಡಲಾಗಿ ಒಂದು ಪಟ್ಟಿ. ಒಳಗಿನಿಂದ ಸೊಂಟ ತಾಗಿದರೂ ತೆರೆಯುತ್ತದೆ, ಹೊರಗಿನಿಂದ ಹಿಡಿಕೆಯೇ ಇರುವುದಿಲ್ಲ. ಗುತ್ತಿಗೆದಾರರು ಹುಬ್ಬಳ್ಳಿಯಿಂದ ತರಿಸಿ, ಡಬ್ಬಿ ಬಿಚ್ಚಿ, ಅಲ್ಲೇ ಹತ್ತು ಸಲ ಒತ್ತಿ ನೋಡಿ, "ಇದು ಚಲೋ ಐತ್ರಿ, ನಮ್ಮ ಗೋಡೌನಿಗೂ ಹಾಕಸ್ತೀನಿ" ಅಂದರು.

ಫ್ಯೂಮ್ ಹುಡ್ಡನ್ನು ಬಾಗಿಲ ಬಳಿಯಿಂದ ತೆಗೆಸಿದ್ದಕ್ಕೆ ಎರಡು ಕಾರಣ. ಬೆಂಕಿ ಹತ್ತುವ ಸಾಧ್ಯತೆ ಜಾಸ್ತಿ ಇರುವ ಜಾಗ ಅದೇ, ಅದು ದಾರಿಯಲ್ಲಿ ಕೂರಬಾರದು. ಇನ್ನೊಂದು, ಹುಡ್ಡಿನ ಬಾಯಿಗೆ ಗಾಳಿ ಒಳಹೋಗುವ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಅಷ್ಟೆ. ನಾವು ಸುಮ್ನೆ ನಡೆದುಹೋದರೂ ಅದರ ಎರಡು ಪಟ್ಟಿಗಿಂತ ಜೋರು. ಬಾಗಿಲ ಪಕ್ಕ ಇದ್ದರೆ ಬರುವ ಹೋಗುವ ಪ್ರತಿಯೊಬ್ಬರೂ ಒಳಗಿನ ಹೊಗೆಯನ್ನು ಹೊರಗೆ ಎಳೆದು ತರುತ್ತಾರೆ. ಸೀಲಿಂಗ್ ಫ್ಯಾನೂ ಅದನ್ನೇ ಮಾಡುತ್ತದೆ. ಈಗ ಹುಡ್ ಉದ್ದದ ಗೋಡೆಯ ನಡುವೆ ಇದೆ, ಅಲ್ಲಿ ಬೆಂಕಿ ಬಿದ್ದರೂ ಎರಡೂ ಬಾಗಿಲು ಬಿಡುವಾಗಿರುತ್ತವೆ. ಅದರ ಮೇಲೆ ಫ್ಯಾನ್ ಹಾಕಿಸಿಲ್ಲ, ಬೇಸಿಗೆಯಲ್ಲಿ ಅಲ್ಲಿ ನಿಂತವರಿಗೆ ಕಷ್ಟ ಆಗುತ್ತದೆ, ಗೊತ್ತು.

ಟೇಬಲ್ಲುಗಳದ್ದು ಹಣದ ಮಾತಾಯಿತು. ಇಳಕಲ್ ಗ್ರಾನೈಟಿನ ಮೇಲ್ಮೈ, ಅದರ ಬಗ್ಗೆ ನನಗೆ ಖುಷಿಯೇ. ಆದರೆ ಪ್ಲ್ಯಾನಿನಲ್ಲಿ ನಾಲ್ಕೂ ಟೇಬಲ್ಲಿನ ಒಂದು ತುದಿ ಗೋಡೆಗೆ ಅಂಟಿತ್ತು. ಹಾಗೆ ಮಾಡಿದರೆ ನೀರಿನ ಪೈಪು, ಗ್ಯಾಸ್ ಪೈಪು ಗೋಡೆಗುಂಟ ಬರುತ್ತದೆ, ಖರ್ಚು ಕಡಿಮೆ. ಆದರೆ ಎರಡು ಟೇಬಲ್ ನಡುವಿನ ಓಣಿಗೆ ಆಗ ಒಂದೇ ಬಾಯಿ. ಬಾಯಿಯ ಬಳಿ ಬೆಂಕಿ ಹತ್ತಿದರೆ ಗೋಡೆ ಕಡೆ ನಿಂತ ಹುಡುಗಿ ಎಲ್ಲಿಗೆ ಹೋಗಬೇಕು? ಟೇಬಲ್ಲನ್ನು ಗೋಡೆಯಿಂದ ನಾಲ್ಕು ಅಡಿ ಬಿಡಿಸಿ ಅಂದೆ. ಪೈಪನ್ನು ನೆಲದೊಳಗೆ ಒಯ್ಯಬೇಕಾಯಿತು. ಪ್ರಿನ್ಸಿಪಾಲರು ಎರಡು ದಿನ ಫೈಲು ಮುಂದೆ ಇಟ್ಟುಕೊಂಡು ಯೋಚಿಸಿ ಸಹಿ ಹಾಕಿದರು. ಅವರಿಗೆ ನಾನು ಯಾವತ್ತೂ ಋಣಿ.

ಆದರೂ ನನಗೆ ಕಾಗದದ ಮೇಲೆ ಸಮಾಧಾನ ಆಗಲಿಲ್ಲ. ಒಂದು ಶನಿವಾರ ಖೋ ಖೋ ಕೋರ್ಟಿಗೆ ಹಾಕುವ ಸುಣ್ಣದ ಪುಡಿ ತಗೊಂಡು, ಅಟೆಂಡರ್ ಜೊತೆ ಮೈದಾನದಲ್ಲಿ ಇಡೀ ಲ್ಯಾಬನ್ನು ಅಳತೆಗೆ ಸರಿಯಾಗಿ ಬರೆದೆವು. 40 ಅಡಿ, 24 ಅಡಿ. ನಾಲ್ಕು ಟೇಬಲ್ಲು, ಸಿಂಕು, ಹುಡ್ಡು, ಎರಡು ಬಾಗಿಲು. ಸ್ಟೂಲುಗಳನ್ನು ಹಳೇ ಲ್ಯಾಬಿನಿಂದ ಹೊತ್ತು ತಂದೆವು. 30 ಮಕ್ಕಳನ್ನು ಅವರವರ ಜಾಗದಲ್ಲಿ ನಿಲ್ಲಿಸಿ, ಬ್ಯಾಗನ್ನು ದಿನಾ ಎಲ್ಲಿ ಇಡುತ್ತಾರೋ ಅಲ್ಲೇ ಇಡಲು ಹೇಳಿ, ಹುಡ್ಡಿನ ಬಳಿ ನಿಂತ ಹುಡುಗನಿಗೆ ಮಾತ್ರ ಕಿವಿಯಲ್ಲಿ, ಸೀಟಿ ಕೇಳಿದ ತಕ್ಷಣ ಕೆಂಪು ಟವೆಲ್ ಬೀಸು ಅಂತ ಹೇಳಿದೆ.

ಸೀಟಿ ಊದಿದೆ. ಸ್ಟೂಲುಗಳು ಬಿದ್ದವು. ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವ ಸಾಲಿನಲ್ಲಿ ನಾವು ಮೂರೂವರೆ ಅಡಿ ಬಿಟ್ಟಿದ್ದೆವು, ಸ್ಟೂಲು ಹೊರಗಿದ್ದರೆ ಅಲ್ಲಿ ಒಬ್ಬರೂ ದಾಟುವ ಹಾಗಿಲ್ಲ. ಅದನ್ನು ಅವತ್ತೇ ಐದು ಅಡಿ ಮಾಡಿಸಿದೆ, ಟೇಬಲ್ ಉದ್ದ ಸ್ವಲ್ಪ ಕಡಿಮೆಯಾಯಿತು. ಆದರೆ ನಾನು ಕಂಡು ಗಾಬರಿಯಾದದ್ದು ಬೇರೆ. ಎರಡನೇ ಬಾಗಿಲಿಗೆ ನಾಲ್ಕೇ ಹೆಜ್ಜೆ ದೂರ ನಿಂತ ಮಕ್ಕಳೂ ಅದನ್ನು ಬಿಟ್ಟು, ಇಡೀ ಲ್ಯಾಬ್ ದಾಟಿ, ಕೆಂಪು ಟವೆಲ್ ಮುಂದೆಯೇ ಓಡಿ, ತಾವು ಒಳಗೆ ಬಂದ ಬಾಗಿಲಿಗೇ ಹೋದರು. ಮೂವರು ಬಿಟ್ಟು ಎಲ್ಲರೂ. ಒಬ್ಬಳನ್ನು ಕೇಳಿದೆ, "ಯಾಕವಾ, ಅಲ್ಲೇ ಬಾಗಿಲಿತ್ತಲ್ಲ?" ಅವಳು ಒಂದು ಕ್ಷಣ ಆ ಸುಣ್ಣದ ಗೆರೆ ನೋಡಿ, "ನಾವು ಅಲ್ಲಿಂದ ಬಂದಿಲ್ಲಲ್ರಿ ಮೇಡಂ" ಅಂದಳು.

ಆಗ ನನಗೆ ಹಿತ್ತಲ ಬಾಗಿಲು ನೆನಪಾಯಿತು. ರಾತ್ರಿ ಕತ್ತಲಲ್ಲಿ ಕಣ್ಣು ಮುಚ್ಚಿ ಅದರ ಅಗಳಿ ತೆಗೆಯುತ್ತಿದ್ದೆವು, ಯಾಕಂದರೆ ದಿನಾ ಹತ್ತು ಸಲ ಅಲ್ಲಿಂದಲೇ ಓಡಾಟ. ವರ್ಷಕ್ಕೊಮ್ಮೆ ತೆರೆಯುವ ಬಾಗಿಲು ಗಾಬರಿಯಲ್ಲಿ ಯಾರಿಗೂ ಕಾಣುವುದಿಲ್ಲ, ಅದರ ಮೇಲೆ ಎಷ್ಟು ದೊಡ್ಡ ಹಸಿರು ಬೋರ್ಡು ಹಾಕಿದರೂ. ಬೋರ್ಡು ಬೇಡ ಅನ್ನುತ್ತಿಲ್ಲ, ಕನ್ನಡದಲ್ಲಿ, ಕರೆಂಟ್ ಹೋದರೂ ಕಾಣುವಂಥದ್ದು ಹಾಕಿಸಿದ್ದೇನೆ. ಆದರೆ ಹೊಸ ಲ್ಯಾಬಿನ ನಿಯಮ ಬೇರೆ ಮಾಡಿದೆವು. ಕಾರಿಡಾರ್ ಬಾಗಿಲಿನಿಂದ ಒಳಗೆ ಬರುವುದು, ಪ್ರಾಕ್ಟಿಕಲ್ ಮುಗಿದ ಮೇಲೆ ಬೇವಿನ ಗಿಡದ ಬಾಗಿಲಿನಿಂದ ಹೊರಗೆ ಹೋಗುವುದು. ದಿನಾ. ತಿಜೋರಿ ಇಟ್ಟರೆ ಅವತ್ತೇ ಗೊತ್ತಾಗಬೇಕು, ಬಾಗಿಲು ಬಿಗಿಯಾದರೆ ಅವತ್ತೇ ಗೊತ್ತಾಗಬೇಕು. ಬ್ಯಾಗಿಗೆ ಗೋಡೆಯೊಳಗೆ ಗೂಡು ಮಾಡಿಸಿದ್ದೇವೆ. ಮುಂದಿನ ವಾರ ಅದೇ ಮೈದಾನದಲ್ಲಿ ಇದೇ ನಿಯಮ ಹಿಡಿದು ಆರು ದಿನ ಓಡಾಡಿಸಿ, ಏಳನೇ ದಿನ ಹೇಳದೆ ಸೀಟಿ ಊದಿದೆ. ಮಕ್ಕಳು ಎರಡು ಪಾಲಾಗಿ ಹೋದರು.

ಬೆಂಕಿ ಆರಿಸುವ ಸಿಲಿಂಡರು ಎರಡೂ ಬಾಗಿಲ ಪಕ್ಕದಲ್ಲೇ ಇವೆ. ಅದನ್ನು ತರಲು ಹೋದವರು ಬಾಗಿಲ ಕಡೆ ಹೋದ ಹಾಗಾಗಬೇಕು. ಮೂಲೆಯಲ್ಲಿ ಇಟ್ಟರೆ ಮೂಲೆಗೆ ಹೋಗಿ ಸಿಕ್ಕಿಬೀಳುತ್ತಾರೆ. ಗ್ಯಾಸಿನ ಮುಖ್ಯ ವಾಲ್ವು, ಕರೆಂಟಿನ ಮೇನ್ ಸ್ವಿಚ್ಚು ಕೂಡ ಅಲ್ಲೇ, ಕೊನೆಗೆ ಹೊರಬೀಳುವ ಮೇಷ್ಟ್ರ ಕೈಗೆ ಸಿಗುವ ಹಾಗೆ. ಗ್ಯಾಸ್ ಸಿಲಿಂಡರುಗಳು ಗೋಡೆಯಾಚೆ, ಜಾಲರಿ ಶೆಡ್ಡಿನಲ್ಲಿ, ಹತ್ತಿರ ಚರಂಡಿ ಇಲ್ಲದ ಕಡೆ. ಎಲ್‌ಪಿಜಿಯೂ ಗಾಳಿಗಿಂತ ಭಾರ, ಸೋರಿದರೆ ಇಳಿಜಾರು ಹುಡುಕಿಕೊಂಡು ಹೋಗುತ್ತದೆ.

ಇನ್ನೂ ಬಗೆಹರಿಯದ್ದು ನೀರು. ಸೇಫ್ಟಿ ಶವರ್ ಅಂದರೆ ನಿಮಿಷಕ್ಕೆ ಸುಮಾರು 76 ಲೀಟರ್, 15 ನಿಮಿಷ ಸತತವಾಗಿ ಸುರಿಯಬೇಕು, ಯಾವ ಜಾಗದಿಂದಲೂ 10 ಸೆಕೆಂಡಿನಲ್ಲಿ ಅಲ್ಲಿಗೆ ಮುಟ್ಟಬೇಕು. ಗುಣಿಸಿ ನೋಡಿ, 1,100 ಲೀಟರ್ ದಾಟುತ್ತದೆ. ನಮ್ಮ ಬ್ಲಾಕಿನ ಮೇಲಿರುವುದು ಸಾವಿರ ಲೀಟರಿನ ಕರೀ ಟ್ಯಾಂಕು, ಅದೇ ನೀರು ಶೌಚಾಲಯಕ್ಕೂ. ಮೇ ತಿಂಗಳಲ್ಲಿ ಅದು ಮಧ್ಯಾಹ್ನಕ್ಕೇ ತಳ ಕಂಡಿರುತ್ತದೆ. ನೀರಿದ್ದರೂ ಇನ್ನೊಂದು ತೊಂದರೆ: ಶವರ್ ನೀರು 38 ಡಿಗ್ರಿ ದಾಟಬಾರದು, ನಮ್ಮ ತಾರಸಿಯ ಟ್ಯಾಂಕಿನ ನೀರು ಬೇಸಿಗೆಯಲ್ಲಿ ಕೈ ಇಡಲು ಆಗುವುದಿಲ್ಲ. ಸುಟ್ಟ ಮೈಮೇಲೆ ಅದನ್ನು ಹೇಗೆ ಸುರಿಯುವುದು? ಶವರಿಗೇ ಬೇರೆ ಟ್ಯಾಂಕು, ಬಿಳಿ ಬಣ್ಣದ್ದು, ಮೇಲೆ ತಗಡಿನ ನೆರಳು, ಇಡೀ ಪೈಪು ಬಿಸಿಲಿಗೆ ಬೀಳದ ಹಾಗೆ. ಇಷ್ಟು ಬರೆದು ಕೊಟ್ಟಿದ್ದೇನೆ, ಮಂಜೂರಾಗಿಲ್ಲ. ಮಾರ್ಚಿಗೆ ಮೊದಲು ಆಗದಿದ್ದರೆ ಈಥರ್ ಪ್ರಾಕ್ಟಿಕಲ್‌ಗಳನ್ನು ಮಳೆಗಾಲಕ್ಕೆ ಹಾಕುತ್ತೇನೆ ಅಂತಲೂ ಹೇಳಿದ್ದೇನೆ.

ಮೊನ್ನೆ ಗುರುವಾರ ಬಾಗಿಲು ಕೂರಿಸಿದರು. ಬಡಗಿ ಕೆಲಸದಲ್ಲಿ ಬಹಳ ಚೊಕ್ಕ. ಸಂಜೆ ಕ್ಲಾಸು ಮುಗಿಸಿ ಹೋಗಿ ನೋಡಿದರೆ ಬೇವಿನ ಗಿಡದ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. "ಎಲ್ಲಾ ಕಡೆ ಹಿಂಗ ಇರ್ತದಲ್ರಿ" ಅಂದರು. ನಾನು ಆ ಹನ್ನೊಂದು ವರ್ಷದ ಹಿಂದಿನ ಬಾಗಿಲಿನ ಕತೆ ಹೇಳಿದೆ, ಬ್ಯಾಗು ಎಳೆದ ಕಾಕಾನ ಕತೆ. ಅವರು ಏನೂ ಮಾತಾಡದೆ ಸ್ಕ್ರೂ ಡ್ರೈವರ್ ತಗೊಂಡು ಕೂತರು. ಬಿಜಾಗರಿ ಆರೂ ಬಿಚ್ಚಿ, ಚೌಕಟ್ಟಿನ ಕಚ್ಚು ಹೊಸದಾಗಿ ಕೊರೆದು, ಹೊರಮುಖವಾಗಿ ಹಾಕುವಷ್ಟರಲ್ಲಿ ಕತ್ತಲಾಗಿತ್ತು. ನಾನು ಮೊಬೈಲ್ ಬೆಳಕು ಹಿಡಿದುಕೊಂಡು ನಿಂತಿದ್ದೆ. ಕೊನೇ ಸ್ಕ್ರೂ ಬಿಗಿಯಾದ ಮೇಲೆ ಅವರು ಎದ್ದು, ಕೈಯಲ್ಲಿ ಸಾಮಾನಿನ ಚೀಲ ಹಿಡಿದುಕೊಂಡೇ, ಭುಜದಿಂದ ಬಾಗಿಲು ದಬ್ಬಿ ಅಂಗಳಕ್ಕೆ ಇಳಿದು ಹೋದರು.